ಚಿನ್ನದ ಗಣಿಯಿಂದ ಬಂದ ಅಲೆಗಳು

ಬಂಗಾರಪೇಟೆಯಿಂದ ಕೆಜಿಎಫ್‌ಗೆ ರೈಲಿನಲ್ಲಿ ಹೋಗುವಾಗಲೆಲ್ಲ ನನಗೆ ಪಿಯುಸಿಯ ಅಲೆಗಳ ಪಾಠ ನೆನಪಾಗುತ್ತದೆ. ಮೀಟಿದ ವೀಣೆಯ ತಂತಿಯಲ್ಲಿ ಇರುವುದು ಸ್ಥಾಯೀ ಅಲೆ. ಎದುರುಬದುರು ಸಾಗುವ ಎರಡು ಅಲೆಗಳು ಕೂಡಿ ಹುಟ್ಟುವ ಅದರಲ್ಲಿ ಕೆಲವು ಬಿಂದುಗಳು ಅಲುಗುವುದೇ ಇಲ್ಲ. ಶಕ್ತಿ ತಂತಿಯುದ್ದಕ್ಕೂ ಸಾಗದೆ ಅಲ್ಲೇ ಉಳಿಯುತ್ತದೆ. ಪ್ರಗಾಮಿ ಅಲೆ ಶಕ್ತಿಯನ್ನು ಹೊತ್ತು ಮುಂದೆ ಹೋಗುತ್ತದೆ. ಗಣಿಯೂರಿನವರಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಿರಲಿಲ್ಲ.

ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದಿತ್ತು. ಅಲ್ಲಿ ಅದಿರು ತೆಗೆದಂತೆಲ್ಲ ಉಳಿದ ಬಂಡೆಯ ಮೇಲೆ ಒತ್ತಡ ಏರಿ, ಒಮ್ಮೊಮ್ಮೆ ಬಂಡೆಯೇ ಸಿಡಿಯುತ್ತಿತ್ತು. ಗಟ್ಟಿ ಶಿಲೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ. ಅಂದರೆ ಅರ್ಧ ಸೆಕೆಂಡಿನಲ್ಲೇ ಮೇಲಿನ ಮನೆಗಳು ನಡುಗುತ್ತಿದ್ದವು. ಯಾರು ಬದುಕಿದರು ಎಂಬ ಸುದ್ದಿ ಮಾತ್ರ ಗಣಿಯ ಲಿಫ್ಟಿನಲ್ಲಿ ನಿಧಾನವಾಗಿ ಮೇಲೇರಿ ಬರಬೇಕಿತ್ತು. ಈ ನಡುವಿನ ಹೊತ್ತು ಯಾವ ಸೂತ್ರದಲ್ಲೂ ಇಲ್ಲ.

ಸಿಡಿದದ್ದು ಎಲ್ಲಿ ಎಂದು ಪತ್ತೆ ಹಚ್ಚುತ್ತಿದ್ದುದೂ ಅಲೆಯ ಈ ಗುಣದಿಂದಲೇ. ಬೇರೆ ಬೇರೆ ಕಡೆ ಇಟ್ಟ ಜಿಯೋಫೋನುಗಳಿಗೆ ಅದು ಬೇರೆ ಬೇರೆ ಗಳಿಗೆಯಲ್ಲಿ ತಲುಪುತ್ತದೆ; ಆ ಅಂತರದಿಂದ ಜಾಗ ಸಿಗುತ್ತದೆ. ಸ್ಥಾಯೀ ಅಲೆಗೆ ಇಂಥ ‘ಬಂದ ಹೊತ್ತು’ ಇಲ್ಲ: ಎರಡು ನಿಶ್ಚಲ ಬಿಂದುಗಳ ನಡುವಿನದೆಲ್ಲ ಒಟ್ಟಿಗೇ ಏರಿಳಿಯುತ್ತದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರು ತುಂಬತೊಡಗಿದ ಸುರಂಗಗಳಿಂದ ಆಮೇಲೂ ಅಲೆಗಳು ಬಂದವು.