ಉದ್ದದ ಸೈಕಲ್ ಸವಾರಿಗೆ ಎನರ್ಜಿ ಜೆಲ್ ಬೇಕೇ, ಬಾಳೆಹಣ್ಣು ಸಾಕೇ?

ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟದ ಕಡೆ ಹೊರಡುವ ಸೈಕಲ್ ಸವಾರರ ಜೇಬು ನೋಡಿದರೆ ಎರಡು ಪಂಗಡ ಕಾಣುತ್ತದೆ. ಒಬ್ಬರ ಜೇಬಿನಲ್ಲಿ ಹೊಳೆಯುವ ಜೆಲ್ ಪೊಟ್ಟಣಗಳಿದ್ದರೆ, ಇನ್ನೊಬ್ಬರ ಜೇಬಿನಲ್ಲಿ ಏಲಕ್ಕಿ ಬಾಳೆ ಮತ್ತು ಕಡಲೆ ಚಿಕ್ಕಿ ಇರುತ್ತವೆ. ‘ಜೆಲ್ ಇಲ್ಲದೆ ಲಾಂಗ್ ರೈಡ್ ಆಗುವುದಿಲ್ಲ’ ಎಂದು ಒಬ್ಬರು ಹೇಳುತ್ತಾರೆ. ‘ಅದೆಲ್ಲ ಬರೀ ಕೆಮಿಕಲ್, ಮನೆಯ ತಿಂಡಿಯೇ ಒಳ್ಳೆಯದು’ ಎಂಬುದು ಇನ್ನೊಬ್ಬರ ವಾದ. ಇದರಲ್ಲಿ ಯಾವುದು ಸರಿ?

ಚಿಕ್ಕ ಉತ್ತರ: ಎರಡೂ ಪೂರ್ತಿ ಸರಿಯಲ್ಲ. ಗಂಟೆಗೆ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆ ಸೇರುತ್ತಿದೆ ಮತ್ತು ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆಯೇ ಎಂಬುದೇ ಮುಖ್ಯ. ಅದು ಪೊಟ್ಟಣದಿಂದ ಬಂತೋ ಹಣ್ಣಿನ ಸಿಪ್ಪೆಯೊಳಗಿಂದ ಬಂತೋ ಎಂಬುದು ಆಮೇಲಿನ ಮಾತು.

ಸವಾರಿಯ ನಡುವೆ ತಿನ್ನಬೇಕು ಏಕೆ?

ನಮ್ಮ ದೇಹ ಎರಡು ಮುಖ್ಯ ಇಂಧನಗಳನ್ನು ಕೂಡಿಟ್ಟಿರುತ್ತದೆ. ಒಂದು ಕೊಬ್ಬು. ತೆಳ್ಳಗಿರುವವರಲ್ಲೂ ಇದು ಹತ್ತಾರು ಸಾವಿರ ಕಿಲೋಕ್ಯಾಲೊರಿಗಳಷ್ಟು ಇರುತ್ತದೆ. ಇನ್ನೊಂದು ಗ್ಲೈಕೋಜೆನ್, ಅಂದರೆ ಕೂಡಿಟ್ಟ ಸಕ್ಕರೆ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಇರುತ್ತದೆ. ಒಟ್ಟು ಲೆಕ್ಕ ಹಾಕಿದರೆ ಇದು ಸುಮಾರು 2,000 ಕಿಲೋಕ್ಯಾಲೊರಿ.

ಚುರುಕಾಗಿ ಪೆಡಲ್ ತುಳಿಯುವವರು ಗಂಟೆಗೆ 500ರಿಂದ 700 ಕಿಲೋಕ್ಯಾಲೊರಿ ಖರ್ಚು ಮಾಡುತ್ತಾರೆ. ಕೊಬ್ಬು ನಿಧಾನವಾಗಿ ಉರಿಯುವ ಇಂಧನ. ವೇಗ ಹೆಚ್ಚಿದಷ್ಟೂ, ಏರು ಬಂದಷ್ಟೂ ದೇಹ ಗ್ಲೈಕೋಜೆನ್ ಕಡೆ ವಾಲುತ್ತದೆ. ಹಾಗಾಗಿ ಜೋರಾದ ಸವಾರಿಯಲ್ಲಿ ಎರಡು–ಮೂರು ಗಂಟೆಗಳಲ್ಲಿ ಈ ಸಂಗ್ರಹ ತಳ ಕಾಣತೊಡಗುತ್ತದೆ.

ಆಗ ಕಾಲು ಇದ್ದಕ್ಕಿದ್ದಂತೆ ಸೋಲುತ್ತದೆ. ರಕ್ತದಲ್ಲಿನ ಸಕ್ಕರೆ ಇಳಿದರೆ ಮಿದುಳಿಗೂ ಇಂಧನ ಸಾಲದಾಗಿ ತಲೆ ಸುತ್ತು, ಕೈ ನಡುಕ, ಮಂಕು ಕಾಣಿಸಿಕೊಳ್ಳುತ್ತವೆ. ಸೈಕಲ್ ಸವಾರರು ಇದನ್ನು ‘ಬಾಂಕ್’ ಆಗುವುದು ಎನ್ನುತ್ತಾರೆ. ಲಾರಿ, ಬಸ್ಸು ಓಡಾಡುವ ಹೆದ್ದಾರಿಯಲ್ಲಿ ಇದು ಬರೀ ಸುಸ್ತಿನ ವಿಷಯವಲ್ಲ, ಸುರಕ್ಷತೆಯ ವಿಷಯ.

ಗಂಟೆಗೆ ಎಷ್ಟು ಬೇಕು?

ಕ್ರೀಡಾ ಪೋಷಣೆಯ ತಜ್ಞರು ಸಾಮಾನ್ಯವಾಗಿ ಒಪ್ಪುವ ಲೆಕ್ಕ ಹೀಗಿದೆ:

• 1 ಗಂಟೆಯೊಳಗಿನ ಸವಾರಿ: ನೀರು ಸಾಕು.
• 1ರಿಂದ 2.5 ಗಂಟೆ: ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್.
• ಅದಕ್ಕಿಂತ ಉದ್ದದ, ಜೋರಾದ ಸವಾರಿ: ಗಂಟೆಗೆ 90 ಗ್ರಾಂವರೆಗೆ.

60 ಮತ್ತು 90ರ ನಡುವಿನ ವ್ಯತ್ಯಾಸಕ್ಕೆ ಕಾರಣ ನಮ್ಮ ಸಣ್ಣ ಕರುಳು. ಗ್ಲೂಕೋಸ್ ರಕ್ತಕ್ಕೆ ಸೇರುವ ಬಾಗಿಲು ಒಂದು, ಫ್ರಕ್ಟೋಸ್ ಸೇರುವ ಬಾಗಿಲು ಬೇರೆ. ಗ್ಲೂಕೋಸ್ ಬಾಗಿಲಿನಲ್ಲಿ ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಒಳಗೆ ಹೋಗುವುದಿಲ್ಲ. ಎರಡೂ ಬಗೆಯ ಸಕ್ಕರೆ ಸೇರಿದ್ದರೆ ಎರಡೂ ಬಾಗಿಲು ಕೆಲಸಕ್ಕೆ ಬರುತ್ತವೆ. ಬರೀ ಗ್ಲೂಕೋಸ್ ಪುಡಿಯನ್ನು ಹೆಚ್ಚು ಹೆಚ್ಚು ಕುಡಿದರೆ ಶಕ್ತಿ ಹೆಚ್ಚುವ ಬದಲು ಹೊಟ್ಟೆ ಕೆಡುವುದು ಇದರಿಂದಲೇ.

ಜೆಲ್ ಒಳಗೆ ಏನಿದೆ?

ಯಾವ ಗುಟ್ಟಿನ ವಸ್ತುವೂ ಇಲ್ಲ. ಮುಖ್ಯವಾಗಿ ಇರುವುದು ಪಿಷ್ಟದಿಂದ ತಯಾರಿಸಿದ ಮಾಲ್ಟೋಡೆಕ್ಸ್‌ಟ್ರಿನ್ (ಇದು ಕರುಳಿನಲ್ಲಿ ಬೇಗ ಗ್ಲೂಕೋಸ್ ಆಗುತ್ತದೆ), ಹಲವು ಜೆಲ್‌ಗಳಲ್ಲಿ ಫ್ರಕ್ಟೋಸ್, ಜೊತೆಗೆ ಒಂದಿಷ್ಟು ಉಪ್ಪು, ರುಚಿ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಕೆಲವದರಲ್ಲಿ ಕೆಫೀನ್ ಸೇರಿಸಿರುತ್ತಾರೆ.

ಜೆಲ್‌ನ ನಿಜವಾದ ಲಾಭ ಅನುಕೂಲ. ಅಗಿಯಬೇಕಾಗಿಲ್ಲ, ನಾರು ಮತ್ತು ಕೊಬ್ಬು ಇಲ್ಲದ್ದರಿಂದ ಹೊಟ್ಟೆಯಿಂದ ಬೇಗ ಕೆಳಗಿಳಿಯುತ್ತದೆ, ಎಷ್ಟು ಗ್ರಾಂ ತಿಂದೆವು ಎಂಬ ಲೆಕ್ಕ ಪೊಟ್ಟಣದ ಮೇಲೆಯೇ ಇರುತ್ತದೆ. ಆದರೆ ಇದು ತುಂಬ ಗಟ್ಟಿಯಾದ ಸಕ್ಕರೆ ಪಾಕ. ನೀರು ಕುಡಿಯದೆ ನುಂಗಿದರೆ ಕರುಳು ದೇಹದ ನೀರನ್ನೇ ಒಳಗೆಳೆದುಕೊಂಡು ಹೊಟ್ಟೆ ನುಲಿತ, ಭೇದಿ ಆಗಬಹುದು.

ಹೋಲಿಸಿ ನೋಡಿದಾಗ

ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 14 ಮಂದಿ ತರಬೇತಾದ ಸವಾರರು 75 ಕಿ.ಮೀ. ದೂರವನ್ನು ಎರಡು ಸಲ ತುಳಿದರು. ಒಮ್ಮೆ ಬಾಳೆಹಣ್ಣು ತಿಂದು, ಇನ್ನೊಮ್ಮೆ ಸ್ಪೋರ್ಟ್ಸ್ ಡ್ರಿಂಕ್ ಕುಡಿದು. ತೆಗೆದುಕೊಂಡ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತಂಡ 12 ಸವಾರರಿಗೆ ಬೇಯಿಸಿ ನುಣ್ಣಗೆ ಮಾಡಿದ ಆಲೂಗಡ್ಡೆ, ಜೆಲ್ ಮತ್ತು ಬರೀ ನೀರು ಕೊಟ್ಟು ನೋಡಿತು. ಆಲೂಗಡ್ಡೆ ಮತ್ತು ಜೆಲ್ ಎರಡೂ ಸಮನಾಗಿ ನೆರವಾದವು, ನೀರು ಹಿಂದೆ ಬಿತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಬಾಳೆಹಣ್ಣು ತಿಂದಾಗಲೂ ಆಲೂಗಡ್ಡೆ ತಿಂದಾಗಲೂ ಹೊಟ್ಟೆ ಉಬ್ಬರ ಹೆಚ್ಚಿತ್ತು. ಹಾಗೆಯೇ, ಮೊದಲನೆಯದಕ್ಕೆ ಹಣ್ಣಿನ ಕಂಪನಿ, ಎರಡನೆಯದಕ್ಕೆ ಆಲೂಗಡ್ಡೆ ಉದ್ಯಮದ ಸಂಸ್ಥೆ ಹಣ ಕೊಟ್ಟಿತ್ತು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಸಣ್ಣ ಅಧ್ಯಯನಗಳನ್ನು ಓದುವಾಗ ಇದು ನೆನಪಿರಲಿ. ಜೆಲ್ ಕಂಪನಿಗಳ ಜಾಹೀರಾತಿಗೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ತಿಂಡಿಗಳ ಲೆಕ್ಕ

ಅಂದಾಜು ಕಾರ್ಬೋಹೈಡ್ರೇಟ್ ಪ್ರಮಾಣ ಹೀಗಿದೆ:

• ಪಚ್ಚಬಾಳೆ, ಮಧ್ಯಮ ಗಾತ್ರದ್ದು ಒಂದು: 25 ಗ್ರಾಂ (ಏಲಕ್ಕಿ ಬಾಳೆಯಲ್ಲಿ ಇದರ ಅರ್ಧದಷ್ಟು)
• ಸಣ್ಣ ಖರ್ಜೂರ 5: 30 ಗ್ರಾಂ
• ಇಡ್ಲಿ ಒಂದು: 10 ಗ್ರಾಂ
• ಬೇಯಿಸಿದ ಆಲೂಗಡ್ಡೆ 150 ಗ್ರಾಂ: 30 ಗ್ರಾಂ
• 6 ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿದ ಅರ್ಧ ಲೀಟರ್ ನಿಂಬೆ ಶರಬತ್ತು: 25ರಿಂದ 30 ಗ್ರಾಂ
• ಒಂದು ಎಳನೀರು: 10ರಿಂದ 12 ಗ್ರಾಂ

ಸಕ್ಕರೆ ಮತ್ತು ಬೆಲ್ಲದಲ್ಲಿ ಹೆಚ್ಚಾಗಿರುವುದು ಸುಕ್ರೋಸ್. ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಅಂದರೆ ಮೇಲೆ ಹೇಳಿದ ‘ಎರಡು ಬಾಗಿಲು’ಗಳ ಲಾಭ ಶರಬತ್ತಿನಲ್ಲೂ ಸಿಗುತ್ತದೆ.

ಬೆಂಗಳೂರು–ನಂದಿಬೆಟ್ಟ, ಹೋಗಿ ಬರಲು ಸುಮಾರು 120 ಕಿ.ಮೀ., 5 ಗಂಟೆ ಎಂದುಕೊಳ್ಳೋಣ. ಗಂಟೆಗೆ 50 ಗ್ರಾಂನಂತೆ 250 ಗ್ರಾಂ ಬೇಕು. ಬರೀ ಜೆಲ್ ಆದರೆ ಸುಮಾರು 10 ಪೊಟ್ಟಣ. ಅದೇ ಲೆಕ್ಕವನ್ನು 4 ಪಚ್ಚಬಾಳೆ, 10 ಖರ್ಜೂರ, 4 ಇಡ್ಲಿ, 2 ಬಾಟಲಿ ಶರಬತ್ತಿನಿಂದಲೂ ತುಂಬಿಸಬಹುದು, ಖರ್ಚೂ ಬಹಳ ಕಡಿಮೆ. ಟೂರ್ ಡಿ ಫ್ರಾನ್ಸ್‌ನಂಥ ಸ್ಪರ್ಧೆಯ ವೃತ್ತಿಪರ ಸವಾರರು ಕೂಡ ಜೆಲ್ ಜೊತೆಗೆ ಅನ್ನದಿಂದ ಮಾಡಿದ ಕೇಕ್ ತಿನ್ನುತ್ತಾರೆ.

ಕೆಲವು ನಂಬಿಕೆಗಳು

‘ಸವಾರಿಯ ನಡುವೆ ಸಿಹಿ ತಿಂದರೆ ಶುಗರ್ ಏರಿ ಮತ್ತೆ ಕುಸಿಯುತ್ತದೆ.’ ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಆಗುವುದಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಇನ್ಸುಲಿನ್ ಸ್ರಾವ ತಗ್ಗಿರುತ್ತದೆ, ಬಂದ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುತ್ತವೆ.

‘ಎಳನೀರು ಕುಡಿದರೆ ಎಲ್ಲ ಸಿಗುತ್ತದೆ.’ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಆದರೆ ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ. ಸಕ್ಕರೆಯೂ ಅಷ್ಟೇನಿಲ್ಲ. ಜೊತೆಗೆ ಉಪ್ಪು ಇರುವ ತಿಂಡಿ ಬೇಕು.

‘ಚಿಕ್ಕಿ ತಕ್ಷಣ ಶಕ್ತಿ ಕೊಡುತ್ತದೆ.’ ಬೆಲ್ಲ ಬೇಗ ಸೇರುತ್ತದೆ, ಕಡಲೆಕಾಯಿಯ ಕೊಬ್ಬು ನಿಧಾನ ಮಾಡುತ್ತದೆ. ನಿಧಾನದ ಸವಾರಿಗೆ ಚೆನ್ನ, ಏರು ಹತ್ತುವ ಮುಂಚೆ ಬೇಡ.

‘ಏನೂ ತಿನ್ನದೆ ತುಳಿದರೆ ಕೊಬ್ಬು ಕರಗುತ್ತದೆ.’ ಸವಾರಿಯ ಹೊತ್ತಿನಲ್ಲಿ ಕೊಬ್ಬಿನ ಬಳಕೆ ಹೆಚ್ಚುವುದು ನಿಜ. ಆದರೆ ತೂಕ ಇಳಿಯುವುದು ದಿನಗಟ್ಟಲೆಯ ಒಟ್ಟು ಲೆಕ್ಕದಿಂದ, ಒಂದು ಸವಾರಿಯ ಉಪವಾಸದಿಂದಲ್ಲ.

ಯಾವುದನ್ನು ಯಾವಾಗ ಆರಿಸಬೇಕು?

ಮಾತಾಡುತ್ತ ಹೋಗಬಲ್ಲಷ್ಟು ನಿಧಾನದ ಸವಾರಿಗೆ, ನಡುವೆ ನಿಲ್ಲುವ ಅವಕಾಶವಿದ್ದರೆ, ಮಾಮೂಲಿ ತಿಂಡಿಯೇ ಸಾಕು. 200 ಕಿ.ಮೀ.ಗೆ 13.5 ಗಂಟೆ ಕಾಲಾವಕಾಶವಿರುವ ಬ್ರೆವೆಯಂಥ ಸವಾರಿಯಲ್ಲಂತೂ ಬರೀ ಜೆಲ್ ನಂಬಿದರೆ ಸಿಹಿಗೇ ಓಕರಿಕೆ ಬರುತ್ತದೆ. ಇಡ್ಲಿ, ಮೊಸರನ್ನ, ಉಪ್ಪಿನ ತಿಂಡಿ ಬೇಕೆನಿಸುತ್ತದೆ. ರೇಸ್, ಕಡಿದಾದ ಏರು, ಕೊನೆಯ ಒಂದು ಗಂಟೆ ಇಂಥಲ್ಲಿ ಅಗಿಯಲು ಉಸಿರೇ ಸಾಲದು. ಅಲ್ಲಿ ಜೆಲ್ ಉಪಯೋಗಕ್ಕೆ ಬರುತ್ತದೆ. ಉಳಿದ ತಿಂಡಿ ಮುಗಿದಾಗ ಇರಲೆಂದು ಒಂದೆರಡು ಜೇಬಿನಲ್ಲಿಟ್ಟುಕೊಳ್ಳುವುದೂ ಒಳ್ಳೆಯದೇ.

ಯಾವುದೇ ಆದರೂ ಹಸಿವಾಗುವವರೆಗೆ ಕಾಯಬೇಡಿ. 20–30 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ವಾರದ ಸವಾರಿಗಳಲ್ಲಿ ತಿಂದು ನೋಡದ ಜೆಲ್ ಅಥವಾ ತಿಂಡಿಯನ್ನು ಸ್ಪರ್ಧೆಯ ದಿನ ಮೊದಲ ಬಾರಿಗೆ ತಿನ್ನಬೇಡಿ. ಕೆಫೀನ್ ಇರುವ ಜೆಲ್ ಆದರೆ ಕಾಫಿಯನ್ನೂ ಸೇರಿಸಿ ಲೆಕ್ಕ ಹಾಕಿ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 400 ಮಿ.ಗ್ರಾಂ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಇಲ್ಲಿನ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ. ಉದ್ದದ ಸವಾರಿಯಲ್ಲಿ ಅವರ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಔಷಧದ ಪ್ರಮಾಣ ಮತ್ತು ತಿಂಡಿಯ ಬಗ್ಗೆ ಮೊದಲೇ ವೈದ್ಯರ ಜೊತೆ ಮಾತಾಡಿ, ತಕ್ಷಣ ಬಾಯಿಗೆ ಹಾಕಿಕೊಳ್ಳಬಹುದಾದ ಗ್ಲೂಕೋಸ್ ಜೊತೆಯಲ್ಲಿಟ್ಟುಕೊಳ್ಳಿ, ಜೊತೆಗಾರರಿಗೂ ವಿಷಯ ತಿಳಿಸಿರಿ.