ಸಾಕುಬೆಕ್ಕಿನ ಹಕ್ಕಿಬೇಟೆ: ಕಾರಣ ಮತ್ತು ಪರಿಹಾರ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ನಮ್ಮ ಹಿರಿಯರ ಮಾತು. ಇಲಿಯ ಸ್ಥಾನದಲ್ಲಿ ಗುಬ್ಬಚ್ಚಿಯೋ ಪಿಕಳಾರವೋ ಬಂದಾಗ ಆ ಸಂಕಟವು ಪಕ್ಷಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. ಬೆಕ್ಕನ್ನು ಸಾಕಿದ ಮನೆಯವರಿಗೂ ನೆರೆಹೊರೆಯವರಿಗೂ ಕೊನೆಗೆ ಆ ಬೆಕ್ಕಿಗೂ ತಟ್ಟುತ್ತದೆ. ಮುಂಬಯಿ, ಪುಣೆಯಂತಹ ಮಹಾನಗರಗಳ ಚಾಳುಗಳಲ್ಲಿ, ಸಣ್ಣ ಕೈತೋಟವಿರುವ ಹೌಸಿಂಗ್ ಸೊಸೈಟಿಗಳಲ್ಲಿ ಬೆಕ್ಕು ಸಾಕುವ ಕನ್ನಡಿಗರು ಅನೇಕರಿದ್ದಾರೆ. ಸತ್ತ ಹಕ್ಕಿಯನ್ನು ಕಚ್ಚಿಕೊಂಡು ಬಂದು ಹೊಸ್ತಿಲ ಬಳಿ ಇಡುವ ಬೆಕ್ಕನ್ನು ಏನು ಮಾಡುವುದು ಎಂಬ ಪ್ರಶ್ನೆ ಅವರಿಗೆ ಎದುರಾಗುತ್ತದೆ. ಬೈಯುವುದು, ಹೊಡೆಯುವುದು, ಕಡೆಗೆ ಚೀಲದಲ್ಲಿ ಹಾಕಿಕೊಂಡು ಹೋಗಿ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದು, ಇವು ಸಾಮಾನ್ಯವಾಗಿ ಕಂಡುಬರುವ ಮೂರು ಉಪಾಯಗಳು. ಮೊದಲೆರಡು ನಿಷ್ಫಲ, ಮೂರನೆಯದರಿಂದ ಹಕ್ಕಿಗಳಿಗೇ ಹೆಚ್ಚಿನ ಹಾನಿ. ಅದು ಹೇಗೆಂಬುದನ್ನೂ, ನಿಜವಾಗಿ ಫಲ ಕೊಡುವ ಕ್ರಮಗಳು ಯಾವುವೆಂಬುದನ್ನೂ ಓದುಗರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಬೇಟೆಯ ಮೂಲ

ಇಂದಿನ ಮನೆಬೆಕ್ಕು ಆಫ್ರಿಕ ಹಾಗೂ ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಲಾಗಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತಿದ್ದು, 2004ರಲ್ಲಿ ಅದರ ವಿವರಗಳು ಪ್ರಕಟವಾದವು. ಹಸುವನ್ನು ಹಾಲಿಗಾಗಿ, ನಾಯಿಯನ್ನು ಕಾವಲಿಗಾಗಿ ಪಳಗಿಸಿದ ಮನುಷ್ಯನು ಬೆಕ್ಕನ್ನು ಹತ್ತಿರ ಸೇರಿಸಿದ್ದು ಅದರ ಬೇಟೆಯ ಗುಣಕ್ಕಾಗಿಯೇ. ಕಣಜದ ಇಲಿಗಳನ್ನು ಹಿಡಿಯಲೆಂದು ನಾವೇ ಕಾಪಾಡಿಕೊಂಡು ಬಂದ ಆ ಗುಣವು ಇಲಿಗೂ ಗುಬ್ಬಚ್ಚಿಗೂ ಭೇದವೆಣಿಸುವುದಿಲ್ಲ.

ಬೆಕ್ಕಿನಲ್ಲಿ ಹಸಿವು ಬೇರೆ, ಬೇಟೆಯ ಪ್ರೇರಣೆ ಬೇರೆ. ಹೊಂಚುಹಾಕಿದ ಪ್ರತಿ ಸಲವೂ ಬೇಟೆ ದಕ್ಕುವುದಿಲ್ಲವಾದ ಕಾರಣ, ಹಸಿವಾಗುವವರೆಗೆ ಕಾಯದೆ ಅವಕಾಶ ಸಿಕ್ಕಾಗಲೆಲ್ಲ ಎರಗುವುದು ಅದರ ಸ್ವಭಾವ. ಹೊಟ್ಟೆ ತುಂಬಿದ ಬೆಕ್ಕು ಹಿಡಿದ ಹಕ್ಕಿಯನ್ನು ತಿನ್ನದೆ ಬಿಡುವುದಕ್ಕೆ ಇದೇ ಕಾರಣ. ಹಿಡಿದು ತಂದ ಮೇಲೆ ಬೈದರೆ, ಆ ಬೈಗುಳಕ್ಕೂ ತಾನು ಮಾಡಿದ ಬೇಟೆಗೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ; ಒಡೆಯನ ಭಯವೊಂದೇ ಉಳಿಯುತ್ತದೆ.

ಹಾಲು ಅನ್ನ ಸಾಕೇ?

ನಮ್ಮ ಬಹಳಷ್ಟು ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನವೇ ಆಹಾರ. ಆದರೆ ಬೆಕ್ಕು ಮಾಂಸವನ್ನೇ ಅವಲಂಬಿಸಿ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹವು ಸಾಕಷ್ಟು ಪ್ರಮಾಣದಲ್ಲಿ ತಯಾರಿಸಲಾರದು. ಮಾಂಸ, ಮೀನುಗಳಿಂದ ಅದು ದೊರೆಯಬೇಕು. ಇದರ ಕೊರತೆಯಿಂದ ಬೆಕ್ಕಿನ ದೃಷ್ಟಿ ಕುಂದುತ್ತದೆ, ಹೃದಯದ ಸ್ನಾಯುಗಳು ದುರ್ಬಲಗೊಳ್ಳುತ್ತವೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದೂ ಇಲ್ಲ. ಮನೆಯಲ್ಲಿ ಮಾಂಸ ಬೇಯಿಸದವರು ಅಂಗಡಿಗಳಲ್ಲಿ ಸಿಗುವ, ಬೆಕ್ಕಿಗೆಂದೇ ತಯಾರಿಸಿದ ಆಹಾರದ ಪೊಟ್ಟಣಗಳನ್ನು ಉಪಯೋಗಿಸಬಹುದು. ಇದು ಬೆಕ್ಕಿನ ಆರೋಗ್ಯದ ಮಾತು ಮಾತ್ರವಲ್ಲ. ಹಕ್ಕಿಗಳ ರಕ್ಷಣೆಗೂ ಇದಕ್ಕೂ ಸಂಬಂಧವಿರುವುದನ್ನು ಮುಂದೆ ನೋಡಬಹುದು.

ಬಿಟ್ಟುಬಂದರೆ ಆಗುವುದೇನು?

ನ್ಯೂಜಿಲೆಂಡಿನ ಕುಕ್ ಜಲಸಂಧಿಯಲ್ಲಿ ಸ್ಟೀಫನ್ಸ್ ಎಂಬ ಪುಟ್ಟ ದ್ವೀಪವಿದೆ. 1894ರಲ್ಲಿ ಅಲ್ಲಿ ದೀಪಸ್ತಂಭ ಆರಂಭವಾಯಿತು. ಮನುಷ್ಯರೊಂದಿಗೆ ಬೆಕ್ಕೂ ಬಂದಿತು. ಹಾರಲಾರದ ಪುಟ್ಟ ಹಕ್ಕಿಯೊಂದು ಆ ದ್ವೀಪದಲ್ಲಿ ಉಳಿದುಕೊಂಡಿತ್ತು. ಬೆಕ್ಕು ತಂದ ಹಕ್ಕಿಗಳನ್ನು ದೀಪಸ್ತಂಭದ ಸಹಾಯಕ ಡೇವಿಡ್ ಲಯಾಲ್ ಅವರು ತಜ್ಞರಿಗೆ ತಲುಪಿಸಿದ್ದರಿಂದಲೇ ಅಂತಹ ಪಕ್ಷಿಯೊಂದಿದೆಯೆಂದು ಜಗತ್ತಿಗೆ ತಿಳಿಯಿತು. ಕೆಲವೇ ವರ್ಷಗಳಲ್ಲಿ ಅದರ ಸಂತತಿಯೇ ಅಳಿಯಿತು. ಒಂದೇ ಬೆಕ್ಕು ಇಡೀ ಕುಲವನ್ನು ನಾಶಮಾಡಿತೆಂಬ ಕಥೆ ಪ್ರಚಾರದಲ್ಲಿದೆಯಾದರೂ, 2004ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ದ್ವೀಪದಲ್ಲಿ ಕಾಡುಪಾಲಾಗಿ ಹೆಚ್ಚಿದ ಬೆಕ್ಕುಗಳೇ ಅದಕ್ಕೆ ಕಾರಣ.

ಅಮೆರಿಕ ಸಂಯುಕ್ತ ಸಂಸ್ಥಾನದ ಬಗೆಗೆ 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಪುಷ್ಟೀಕರಿಸುತ್ತದೆ. ಅಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು ಅದು ಅಂದಾಜಿಸಿತು. ಅದರಲ್ಲಿ ದೊಡ್ಡ ಪಾಲು ಒಡೆಯರಿಲ್ಲದ ಬೆಕ್ಕುಗಳದು. ಹೀಗಿರುವಾಗ ಮನೆಯ ಬೆಕ್ಕನ್ನು ಬೀದಿಗೆ ಬಿಡುವುದೆಂದರೆ ಬೇಟೆಯನ್ನು ನಿಲ್ಲಿಸುವುದಲ್ಲ, ಬೇರೊಂದು ಓಣಿಗೆ ವರ್ಗಾಯಿಸುವುದು. ಊಟವಿಲ್ಲದ ಆ ಬೆಕ್ಕು ಬದುಕಲೆಂದು ಇನ್ನಷ್ಟು ಬೇಟೆಯಾಡುತ್ತದೆ, ಮರಿ ಹಾಕುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಫಲಕಾರಿ ಕ್ರಮಗಳು

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 219 ಮನೆಗಳ 355 ಬೆಕ್ಕುಗಳ ಮೇಲೆ ಪರೀಕ್ಷೆ ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ಸಾರಾಂಶ ಹೀಗಿದೆ:

1. ಧಾನ್ಯವಿಲ್ಲದ, ಮಾಂಸದ ಪ್ರೋಟೀನ್ ಹೆಚ್ಚಾಗಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತಂದ ಒಟ್ಟು ಬೇಟೆ ಶೇ. 36ರಷ್ಟು ಇಳಿಯಿತು.

2. ಗರಿ ಕಟ್ಟಿದ ಕೋಲು ಮುಂತಾದವುಗಳಿಂದ ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದಾಗ ಒಟ್ಟು ಬೇಟೆ ಶೇ. 25ರಷ್ಟು ಇಳಿಯಿತು.

3. ಕೊರಳಪಟ್ಟಿಗೆ ಗಾಢ ಬಣ್ಣಗಳ ಬಟ್ಟೆಯ ಹೊದಿಕೆ ಹಾಕಿದಾಗ ಹಕ್ಕಿಗಳ ಬೇಟೆ ಶೇ. 42ರಷ್ಟು ಇಳಿಯಿತು. ಹಕ್ಕಿಗಳು ಬಣ್ಣಗಳನ್ನು ಚೆನ್ನಾಗಿ ಗುರುತಿಸುವುದರಿಂದ ಅಪಾಯವನ್ನು ದೂರದಿಂದಲೇ ಕಂಡು ಹಾರಿಹೋಗುತ್ತವೆ.

4. ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ಗಾದೆಯಿದೆ. ಇಲ್ಲಿ ಗಂಟೆ ಕಟ್ಟಿ ನೋಡಿದರೂ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ.

ಕೊರಳಪಟ್ಟಿ ಯಾವುದೇ ಇರಲಿ, ಕೊಂಬೆಗೋ ಸರಳಿಗೋ ಸಿಕ್ಕಿಕೊಂಡಾಗ ತಾನಾಗಿ ಬಿಚ್ಚಿಕೊಳ್ಳುವಂತಿರಬೇಕು. ಇಲ್ಲವಾದರೆ ಬೆಕ್ಕಿನ ಕೊರಳಿಗೇ ಉರುಳಾದೀತು.

ಎಲ್ಲಕ್ಕಿಂತ ಖಚಿತವಾದ ಉಪಾಯವೆಂದರೆ ಬೆಕ್ಕನ್ನು ಮನೆಯೊಳಗೇ ಇರಿಸಿಕೊಳ್ಳುವುದು. ಆಸ್ಟ್ರೇಲಿಯಾದ ರಾಜಧಾನಿ ಪ್ರದೇಶದಲ್ಲಿ 2022ರ ಜುಲೈ 1ರ ಅನಂತರ ಹುಟ್ಟಿದ ಬೆಕ್ಕುಗಳನ್ನು ಒಡೆಯರ ಆವರಣದಿಂದ ಹೊರಗೆ ಅಲೆಯಲು ಬಿಡಬಾರದೆಂಬ ಕಾನೂನಿದೆ. ನಮ್ಮ ಫ್ಲ್ಯಾಟುಗಳಲ್ಲಿ ಪಾರಿವಾಳಗಳನ್ನು ತಡೆಯಲು ಬಾಲ್ಕನಿಗೆ ಹಾಕಿಸುವ ಬಲೆಯನ್ನು ಗಟ್ಟಿಯಾದ ತಂತಿಯ ಜಾಳಿಗೆಯನ್ನಾಗಿ ಮಾಡಿಸಿದರೆ ಹಕ್ಕಿಯೂ ಸುರಕ್ಷಿತ, ಮೇಲ್ಮಹಡಿಯಿಂದ ಬೀಳುವ ಅಪಾಯದಿಂದ ಬೆಕ್ಕೂ ಪಾರು. ಅದು ಕುಳಿತು ಹೊರಗೆ ನೋಡಲು ಕಿಟಕಿಯ ಬಳಿ ಎತ್ತರದ ಹಲಗೆ, ಉಗುರು ಮಸೆಯಲು ನಾರುಹಗ್ಗ ಸುತ್ತಿದ ಮರದ ತುಂಡು ಇದ್ದರೆ ಒಳಗಿನ ಜೀವನ ಅದಕ್ಕೆ ಸೆರೆಯೆನಿಸದು. ಪೂರ್ಣವಾಗಿ ಒಳಗಿಡಲು ಸಾಧ್ಯವಾಗದಿದ್ದರೆ ಬೆಳಗಿನ ಮತ್ತು ಸಂಜೆಯ ಮಬ್ಬುಬೆಳಕಿನ ಹೊತ್ತಿನಲ್ಲಾದರೂ ತಡೆಯಬೇಕು. ಆವರಣದಲ್ಲಿ ಪಿಕಳಾರ, ಮಡಿವಾಳ ಹಕ್ಕಿ, ಸಿಂಪಿಗಗಳು ಗೂಡು ಕಟ್ಟಿ, ಹಾರಲು ಕಲಿಯುವ ಮರಿಗಳು ನೆಲದ ಮೇಲೆ ಕುಪ್ಪಳಿಸುವ ವಾರಗಳಲ್ಲಿ ಇದು ಅತ್ಯಗತ್ಯ. ಹಕ್ಕಿಗಳಿಗೆ ನೀರು, ಕಾಳು ಇಡುವವರು ಬೆಕ್ಕು ಹೊಂಚುಹಾಕಬಲ್ಲ ಪೊದೆ, ಗೋಡೆಗಳಿಂದ ದೂರ ಇಡಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬೇಟೆಯ ಗುಣ ಹೋಗುವುದಿಲ್ಲ, ಅಲೆದಾಟ ಕಡಿಮೆಯಾಗುತ್ತದೆ. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರಗಳಷ್ಟೇ ಆದುದರಿಂದ, ನಾಳೆ ಬೀದಿಪಾಲಾಗುವ ಮರಿಗಳು ಇಂದೇ ಹುಟ್ಟದಂತೆ ನೋಡಿಕೊಳ್ಳುವುದು ಹಕ್ಕಿಗಳಿಗೂ ಉಪಕಾರ.

ಹಕ್ಕಿ ಜೀವಂತ ಸಿಕ್ಕರೆ

ಬೆಕ್ಕಿನ ಬಾಯಿಂದ ಬಿಡಿಸಿದ ಹಕ್ಕಿಗೆ ಗಾಯ ಕಾಣದಿದ್ದರೂ ಅಪಾಯ ತಪ್ಪಿತೆಂದು ತಿಳಿಯಬಾರದು. ಬೆಕ್ಕಿನ ಬಾಯಲ್ಲಿರುವ ಪಾಸ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ಗಾಯದಿಂದಲೂ ರಕ್ತಕ್ಕೆ ಸೇರಿ ಹಕ್ಕಿಯನ್ನು ಬೇಗನೆ ಕೊಲ್ಲಬಲ್ಲದು. ಮೆತ್ತನೆಯ ಬಟ್ಟೆಯಿಂದ ಹಿಡಿದು, ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ನಿಶ್ಶಬ್ದ ಜಾಗದಲ್ಲಿರಿಸಬೇಕು. ಬಾಯಿಗೆ ನೀರು, ಅನ್ನ ತುರುಕಬಾರದು. ಆ್ಯಂಟಿಬಯಾಟಿಕ್ ಚಿಕಿತ್ಸೆಗಾಗಿ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮುಂಬಯಿಯವರಿಗೆ ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆ, ದೆಹಲಿಯವರಿಗೆ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆ ಬಹುಕಾಲದಿಂದ ಪರಿಚಿತ. ಗುಣವಾದ ಹಕ್ಕಿಯನ್ನು ಪಂಜರದಲ್ಲಿ ಸಾಕಿಕೊಳ್ಳುವ ಆಸೆಯೂ ಸಲ್ಲದು. ಅದರ ಸ್ಥಾನ ಬಯಲು.

ಬೆಕ್ಕಿಗೆ ಪಾಪಪುಣ್ಯಗಳ ವಿವೇಚನೆಯಿಲ್ಲ. ಆ ವಿವೇಚನೆಯಿರುವುದು ಅದನ್ನು ತಂದು ಸಾಕಿದವರಿಗೆ. ಒಂದಿಷ್ಟು ಸರಿಯಾದ ಆಹಾರ, ದಿನಕ್ಕೆ ಹತ್ತು ನಿಮಿಷದ ಆಟ, ಕಿಟಕಿಗೊಂದು ಜಾಳಿಗೆ, ಇಷ್ಟನ್ನು ಒದಗಿಸಿದರೆ ಬೆಕ್ಕಿಗೆ ಮನೆಯೂ ಹಕ್ಕಿಗೆ ಮರವೂ ಉಳಿಯುತ್ತವೆ. ಮರಗಳೇ ವಿರಳವಾಗುತ್ತಿರುವ ಮಹಾನಗರದಲ್ಲಿ ನಾವು ಮಾಡಬಹುದಾದ ಸಣ್ಣ ಕೆಲಸಗಳಲ್ಲಿ ಇದೂ ಒಂದು.