ಗಾಯ ಮಾಯಿತು, ನೋವು ಉಳಿಯಿತು

ವಿಜಯಪುರದ ಇತಿಹಾಸವೆಂದರೆ ನಮಗೆ ಥಟ್ಟನೆ ನೆನಪಾಗುವುದು ಗೋಲಗುಮ್ಮಟ, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580-1627) ಆಸ್ಥಾನದಲ್ಲಿದ್ದ ಮುಹಮ್ಮದ್ ಕಾಸಿಂ ಫಿರಿಶ್ತಾನನ್ನೂ ನಾವು ಬಲ್ಲದ್ದು ಇತಿಹಾಸಕಾರನೆಂದೇ. ಆದರೆ ಆತ ವೈದ್ಯಶಾಸ್ತ್ರದಲ್ಲೂ ನುರಿತವನಾಗಿದ್ದ. ಭಾರತೀಯ ವೈದ್ಯಪದ್ಧತಿಯನ್ನು ಪಾರ್ಸಿ ಭಾಷೆಯಲ್ಲಿ ವಿವರಿಸುವ 'ದಸ್ತೂರುಲ್ ಅತಿಬ್ಬಾ' ಆತನದೇ ಗ್ರಂಥ. ರಾಜರ ಕಾಳಗಗಳನ್ನು ದಾಖಲಿಸಿದ ಲೇಖನಿಯೇ ರೋಗ ಮತ್ತು ಔಷಧಗಳನ್ನೂ ದಾಖಲಿಸಿತು. ಆ ಪರಂಪರೆಯನ್ನು ನೆನೆದು ನಾವಿಲ್ಲಿ ಹೆಚ್ಚಿನವರು ಬರೆಯದ ಒಂದು ಇತಿಹಾಸವನ್ನು ನೋಡಹೊರಟಿದ್ದೇವೆ. ಅದು ಕ್ಯಾನ್ಸರಿನಿಂದಾಗಿ ಸ್ತನವನ್ನು ತೆಗೆಸಿಕೊಂಡ ಮಹಿಳೆಯರ ನೋವಿನ ಇತಿಹಾಸ.

ಝಹ್ರಾವಿಯ ಪ್ರಾಮಾಣಿಕತೆ

ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅಬುಲ್ ಕಾಸಿಂ ಅಲ್-ಝಹ್ರಾವಿ ತನ್ನ 30 ಭಾಗಗಳ 'ಅತ್ತಸ್‌ರೀಫ್' ಗ್ರಂಥದಲ್ಲಿ ಸ್ತನದ ಕ್ಯಾನ್ಸರನ್ನು ಪ್ರಸ್ತಾಪಿಸುತ್ತಾನೆ. ಗಡ್ಡೆ ಚಿಕ್ಕದಾಗಿದ್ದು, ಪೂರ್ತಿಯಾಗಿ ತೆಗೆಯಲು ಸಾಧ್ಯವಿದ್ದರೆ ಮಾತ್ರ ಕತ್ತರಿಸಬೇಕು. ಹಳೆಯದಾಗಿ ಬೆಳೆದುಬಿಟ್ಟಿದ್ದರೆ ಮುಟ್ಟಬಾರದು ಎಂಬುದು ಆತನ ಸಲಹೆ. ಅಂಥ ಬೆಳೆದ ಗಡ್ಡೆಯನ್ನು ತಾನು ಗುಣಪಡಿಸಿದ್ದಿಲ್ಲ, ಬೇರೆಯವರು ಗುಣಪಡಿಸಿದ್ದನ್ನು ಕಂಡಿದ್ದೂ ಇಲ್ಲ ಎಂದು ಆತ ಒಪ್ಪಿಕೊಳ್ಳುತ್ತಾನೆ. ತನಗೆ ಆಗದ್ದನ್ನು ಆಗದು ಎಂದು ಹೇಳುವ ಧೈರ್ಯ ವೈದ್ಯನ ದೊಡ್ಡ ಗುಣ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಅಂದು ಅರಿವಳಿಕೆ ಇರಲಿಲ್ಲ. 1804ರಲ್ಲಿ ಜಪಾನಿನ ಹನಾವೊಕಾ ಸೇಶು ಗಿಡಮೂಲಿಕೆಗಳ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿಸಿ, ಸ್ತನದ ಗಡ್ಡೆಯನ್ನು ತೆಗೆದ. ಆ ವಿದ್ಯೆ ಹೊರಜಗತ್ತಿಗೆ ತಲುಪಿರಲಿಲ್ಲ. 1811ರಲ್ಲಿ ಪ್ಯಾರಿಸ್‌ನಲ್ಲಿ ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿ ಪೂರ್ಣ ಎಚ್ಚರದಲ್ಲಿಯೇ ಸ್ತನ ತೆಗೆಸಿಕೊಂಡರು. ತಾವು ಅನುಭವಿಸಿದ್ದನ್ನು ಅಕ್ಕನಿಗೆ ಪತ್ರ ಬರೆದು ತಿಳಿಸಿದರು. ವೈದ್ಯರ ಗ್ರಂಥಗಳಲ್ಲಿಲ್ಲದ ರೋಗಿಯ ಮಾತು ಆ ಪತ್ರದಲ್ಲಿದೆ. 1846ರಲ್ಲಿ ಈಥರ್ ಬಂದ ಮೇಲೆ ಕತ್ತರಿಸುವ ಹೊತ್ತಿನ ನೋವು ನಿಂತಿತು. ಅನಂತರದ ನೋವಿನ ಕಡೆಗೆ ಯಾರ ಗಮನವೂ ಹರಿಯಲಿಲ್ಲ.

ಎಣಿಕೆಗೆ ಬಾರದ ನೋವು

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1882ರಿಂದ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿಯನ್ನು ಬಳಕೆಗೆ ತಂದ. 1894ರಲ್ಲಿ 50 ರೋಗಿಗಳ ವರದಿ ಪ್ರಕಟಿಸಿದ. ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಯಿತೆಂದು ಜಗತ್ತೆಲ್ಲ ಅದನ್ನೇ ಅನುಸರಿಸಿತು. ಬಾತುಹೋದ ತೋಳು, ಎತ್ತಲಾಗದ ಭುಜ ಇವೆಲ್ಲ ಜೀವ ಉಳಿದುದಕ್ಕೆ ತೆರಬೇಕಾದ ಬೆಲೆ ಎನಿಸಿಕೊಂಡವು. ಇಷ್ಟು ಕತ್ತರಿಸುವುದರಿಂದ ಆಯುಷ್ಯವೇನೂ ಹೆಚ್ಚುವುದಿಲ್ಲ ಎಂಬುದನ್ನು ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1971ರಲ್ಲಿ ಆರಂಭಿಸಿದ ಅಧ್ಯಯನದಿಂದ ತೋರಿಸಿಕೊಟ್ಟರು. ಅದರ 25 ವರ್ಷಗಳ ಫಲಿತಾಂಶ ಪ್ರಕಟವಾದದ್ದು 2002ರಲ್ಲಿ.

ಕಂಕುಳಿನ ಮೂಲಕ ತೋಳಿನ ಒಳಬದಿಗೆ ಒಂದು ಸಣ್ಣ ನರ ಹಾಯುತ್ತದೆ. ಗ್ರಂಥಿಗಳನ್ನು ತೆಗೆಯುವಾಗ ಅದು ಕತ್ತರಿಸಿಹೋಗಬಹುದು ಅಥವಾ ಜಗ್ಗಬಹುದು. ಗಾಯ ಮಾಯುತ್ತದೆ, ಹೊಲಿಗೆ ಬಿಚ್ಚುತ್ತಾರೆ. ಆದರೆ ಉರಿ, ಜೋಮು, ಸೂಜಿ ಚುಚ್ಚಿದಂಥ ನೋವು ಉಳಿದುಬಿಡುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಸಮೀಕ್ಷೆಯಲ್ಲಿ 3,253 ಮಹಿಳೆಯರು ಉತ್ತರ ಕೊಟ್ಟರು. ಅವರಲ್ಲಿ ಶೇ. 47ರಷ್ಟು ಮಂದಿಗೆ ನೋವಿತ್ತು. ಹೀಗೆ ನೋವಿದ್ದವರಲ್ಲಿ ಶೇ. 13 ಮಂದಿಯದು ತೀವ್ರವಾದ ನೋವು. ಕಿರಿಯ ವಯಸ್ಸಿನವರಿಗೂ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಿಗೂ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಯ ನಂತರ 3 ತಿಂಗಳು ಮೀರಿ ಉಳಿಯುವ ನೋವಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 2019ರಲ್ಲಿ ಅಂಗೀಕಾರವಾಗಿ 2022ರಲ್ಲಿ ಜಾರಿಗೆ ಬಂದ ಆವೃತ್ತಿಯಲ್ಲಿ. ಹಾಲ್‌ಸ್ಟೆಡ್‌ನ ಕತ್ತರಿಯಿಂದ ಈ ಮನ್ನಣೆಯವರೆಗೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಸ್ಟೀರಾಯ್ಡ್‌ನ ಭರವಸೆ

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬಳಿಗೆ ಕಾರ್ಟಿಸೋನ್ ಕೊಡಲಾಯಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಲ್, ರೀಕ್‌ಸ್ಟೀನ್ ಅವರಿಗೆ ನೊಬೆಲ್ ಬಂತು. ಅದೇ ದಶಕದ ಕೊನೆಗೆ ಡೆಕ್ಸಾಮೆಥಾಸೋನ್ ಸಿದ್ಧವಾಯಿತು. ಶಸ್ತ್ರಚಿಕಿತ್ಸೆಯ ವೇಳೆ ಇದರ ಒಂದು ಡೋಸ್ ಕೊಟ್ಟರೆ ಅನಂತರದ ವಾಂತಿ ತಗ್ಗುತ್ತದೆ, ಮೊದಲ ದಿನಗಳ ನೋವೂ ಸ್ವಲ್ಪ ಕಡಿಮೆಯಾಗುತ್ತದೆ. ಗಾಯದ ಉರಿಯೂತವೇ ನರಗಳನ್ನು ಕೆರಳಿಸುವುದಾದರೆ, ಅದನ್ನು ಮೊದಲೇ ತಣಿಸಿದರೆ ವರ್ಷಗಟ್ಟಲೆ ಕಾಡುವ ನೋವೂ ಬಾರದಲ್ಲವೇ? ತರ್ಕವೇನೋ ಸರಿಯಾಗಿಯೇ ಇತ್ತು.

ಪರೀಕ್ಷೆ ಬೇರೆ ಉತ್ತರ ಕೊಟ್ಟಿತು. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟವರಲ್ಲಿ ಉಳಿದ ನೋವು ಕಡಿಮೆಯಾಗಲಿಲ್ಲವೆಂದು 2015ರ ಅಧ್ಯಯನ ಹೇಳಿತು. ಬೇರೆ ಬೇರೆ ಶಸ್ತ್ರಚಿಕಿತ್ಸೆಗಳ 8,000ಕ್ಕೂ ಮಿಕ್ಕಿದ ರೋಗಿಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಗಾಯದ ಸೋಂಕನ್ನು ಹೆಚ್ಚಿಸಲಿಲ್ಲ. ಆದರೆ ತಿಂಗಳುಗಳ ನಂತರದ ನೋವನ್ನು ಅದು ತಡೆಯಲೂ ಇಲ್ಲ. 2022ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಇದಕ್ಕೂ ವಿಚಿತ್ರವಾದುದನ್ನು ಕಂಡರು. ಆರಂಭದ ಉರಿಯೂತವನ್ನು ಡೆಕ್ಸಾಮೆಥಾಸೋನ್‌ನಿಂದ ಅಡಗಿಸಿದಾಗ ನೋವು ಇನ್ನೂ ದೀರ್ಘವಾಯಿತು. ಉರಿಯೂತ ಬರಿಯ ಶತ್ರುವಲ್ಲ, ವಾಸಿಯಾಗುವ ದಾರಿಯೂ ಹೌದು. ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಹೊಂದಬೇಕಾಗಿಲ್ಲ. ಆದರೆ ಸ್ತನ ತೆಗೆಸಿಕೊಂಡವರ ದೀರ್ಘಕಾಲದ ನೋವನ್ನು ಸ್ಟೀರಾಯ್ಡ್ ತಡೆಯುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ ಎಂಬುದು ನಿಜ. ಝಹ್ರಾವಿಯ ಪ್ರಾಮಾಣಿಕತೆ ಇಲ್ಲಿ ಮತ್ತೆ ಬೇಕಾಗುತ್ತದೆ.

ನಮ್ಮ ಊರುಗಳ ಮಾತು

ದೊಡ್ಡ ಕಾಯಿಲೆ ಬಂದರೆ ಮಿರಜ್‌ಗೋ ಸೊಲ್ಲಾಪುರಕ್ಕೋ ಹೋಗುವುದು ವಿಜಾಪುರ ಸೀಮೆಯವರ ಹಳೆಯ ರೂಢಿ. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ತೆರೆಯಿತು. ವಿಜಯಪುರದಲ್ಲೇ 1984ರಲ್ಲಿ ಅಲ್-ಅಮೀನ್, 1986ರಲ್ಲಿ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜುಗಳು ಆರಂಭವಾದವು. ತಿಕೋಟಾ, ಬಬಲೇಶ್ವರದ ಮಹಿಳೆಗೆ ಇಂದು ವೈದ್ಯರು ಹಿಂದಿನಷ್ಟು ದೂರವಿಲ್ಲ. ದೂರವಿರುವುದು ಆಕೆಯ ನೋವನ್ನು ಕೇಳುವ ಕಿವಿ.

ತಿಕೋಟಾ ಭಾಗದ ದ್ರಾಕ್ಷಿ ಪಡದಲ್ಲಿ ಕೈ ಮೇಲೆತ್ತಿಯೇ ಕೆಲಸ ಮಾಡಬೇಕು. ಮನೆಯಲ್ಲಿ ಜೋಳದ ರೊಟ್ಟಿ ಬಡಿಯಬೇಕು, ಬಾವಿಯಿಂದ ನೀರು ಸೇದಬೇಕು. ನಮಾಝಿಗೆ ನಿಂತವಳು ತಕ್ಬೀರ್‌ಗೆ ಕೈ ಎತ್ತಬೇಕು, ಸುಜೂದಿನಲ್ಲಿ ತೋಳಿನ ಮೇಲೆ ಭಾರ ಹಾಕಬೇಕು. ಆಗದವರಿಗೆ ಆದಷ್ಟು ಮಾಡಿದರೆ ಸಾಕೆಂಬ ರಿಯಾಯಿತಿಯನ್ನು ಧರ್ಮ ಕೊಟ್ಟಿದೆ. ಮನೆಯವರು ಕೊಡುತ್ತಾರೆಯೇ? "ರೊಟ್ಟಿ ಬಡ್ಯಾಕ ಆಗವಲ್ದು" ಎಂದವಳಿಗೆ "ಜೀವ ಉಳೀತಲ್ಲ, ಇನ್ನೇನು ಬೇಕು" ಎಂಬ ಉತ್ತರ ಸಿಕ್ಕರೆ ಆಕೆ ಮತ್ತೆ ಬಾಯಿ ತೆರೆಯುವುದಿಲ್ಲ. ಎದೆಯ ಭಾಗದ ಮಾತಾದುದರಿಂದ ಸಂಕೋಚ ಬೇರೆ. ಕೊನೆಗೆ ಹತ್ತಿರದಲ್ಲಿ ಸೂಜಿ ಹಾಕುವವರ ಬಳಿ ಹೋದರೆ, ಏನೆಂದು ತಿಳಿಯದ ಸ್ಟೀರಾಯ್ಡನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವ ಅಪಾಯವಿದೆ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಕೊಡುವ ಒಂದು ಡೋಸ್ ಬೇರೆ, ಇದು ಬೇರೆ. ಪದೇ ಪದೇ ಪಡೆದ ಸ್ಟೀರಾಯ್ಡ್ ಸಕ್ಕರೆ ಕಾಯಿಲೆಯನ್ನು ಕೆರಳಿಸುತ್ತದೆ, ಮೂಳೆಗಳನ್ನು ಸವೆಸುತ್ತದೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ರೋಗ ಬೇಗ ಪತ್ತೆಯಾದರೆ ಕಂಕುಳಿನ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿ, ಉಳಿದವನ್ನು ಮುಟ್ಟದೆ ಬಿಡಲು ಅನೇಕರಲ್ಲಿ ಸಾಧ್ಯ. ಸಾಧ್ಯವಿದ್ದಲ್ಲಿ ನರವನ್ನು ಉಳಿಸಿಕೊಳ್ಳುವ ಶಸ್ತ್ರವೈದ್ಯರಿದ್ದಾರೆ. ನರದ ನೋವಿಗೇ ಮೀಸಲಾದ ಮಾತ್ರೆಗಳಿವೆ, ತೋಳಿನ ವ್ಯಾಯಾಮವಿದೆ. ಆದರೆ ಇವೆಲ್ಲ ಶುರುವಾಗುವುದು ಒಂದು ಪ್ರಶ್ನೆಯಿಂದ. ಶಸ್ತ್ರಚಿಕಿತ್ಸೆಯಾಗಿ 3 ತಿಂಗಳು ಕಳೆದ ಮೇಲೆ ವೈದ್ಯರು ಗಾಯವನ್ನಷ್ಟೇ ನೋಡದೆ, "ಇನ್ನೂ ನೋವಿದೆಯೇನಮ್ಮಾ?" ಎಂದು ಕೇಳಬೇಕು. ಅದನ್ನೇ ಗಂಡ ಕೇಳಲಿ, ಮಗ ಕೇಳಲಿ, ಅತ್ತೆ ಕೇಳಲಿ. ಔಷಧ ಹುಡುಕುವುದು ವಿಜ್ಞಾನದ ಹೊಣೆಯಾದರೆ, ಕೇಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ.